ಕಾಫಿ ದುಡ್ಡು ವರ್ಷಕ್ಕೊಮ್ಮೆ, ಕಾರ್ಡ್ ಬಿಲ್ಲು ತಿಂಗಳಿಗೊಮ್ಮೆ: ಬಡ್ಡಿ ಕಟ್ಟದೆ ಕ್ರೆಡಿಟ್ ಕಾರ್ಡ್ ಬಳಸುವುದು ಹೇಗೆ?

ಚಿಕ್ಕಮಗಳೂರು, ಮೂಡಿಗೆರೆ ಕಡೆ ಅಂಗಡಿಯಲ್ಲಿ ಬರೆಸಿ ತರುವುದು ಹಳೆಯ ರೂಢಿ. ಗೊಬ್ಬರ, ಔಷಧಿ, ಪೈಪು ಎಲ್ಲವನ್ನೂ ಲೆಕ್ಕದಲ್ಲಿ ತರುತ್ತಾರೆ, ಕಾಫಿ ಮಾರಿದ ಮೇಲೆ ಒಟ್ಟಿಗೆ ಚುಕ್ತಾ ಮಾಡುತ್ತಾರೆ. ಅಂಗಡಿಯವರೂ ತಕರಾರು ಮಾಡುವುದಿಲ್ಲ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೊಬಸ್ಟಾ ಮುಗಿಯುವಾಗ ಮಾರ್ಚ್, ದುಡ್ಡು ಬರುವುದು ಆಮೇಲೆ ಅಂತ ಅವರಿಗೂ ಗೊತ್ತು.

ಈ ರೂಢಿ ಇರುವವರ ಕೈಗೆ ಕ್ರೆಡಿಟ್ ಕಾರ್ಡ್ ಬಂದರೆ ಏನಾಗುತ್ತದೆ ಅಂತ ನಾನು ಪ್ರತಿ ವರ್ಷ ನೋಡುತ್ತೇನೆ. ಬೆಳೆಗಾರರ ಮತ್ತು ಅಂಗಡಿಯವರ ಲೆಕ್ಕ ಬರೆಯುವುದು ನನ್ನ ಕೆಲಸ. ರಿಟರ್ನ್ಸ್ ಹಾಕುವ ಕಾಲಕ್ಕೆ ಪಾಸ್‌ಬುಕ್ ಜೊತೆ ಕಾರ್ಡಿನ ಸ್ಟೇಟ್‌ಮೆಂಟುಗಳೂ ಟೇಬಲ್ ಮೇಲೆ ಬಂದು ಬೀಳುತ್ತವೆ. ಅದರಲ್ಲಿ ‘ಫೈನಾನ್ಸ್ ಚಾರ್ಜಸ್’ ಅಂತ ಒಂದು ಸಾಲು ಇರುತ್ತದೆ. "ಇದೇನ್ ಗೌಡ್ರೆ?" ಅಂದರೆ, "ಏನೋ ಹಾಕಿದಾರೆ ಬಿಡಿ, ಕಾಫಿ ದುಡ್ಡು ಬಂದಾಗ ಒಂದೇ ಸಲ ಕಟ್ಟಿದ್ರಾಯ್ತು" ಎನ್ನುತ್ತಾರೆ.

ಆ ‘ಏನೋ’ ಅಂದರೆ ಬಿಲ್ಲು ಪೂರ್ತಿ ಕಟ್ಟದಿದ್ದಕ್ಕೆ ಹಾಕುವ ಬಡ್ಡಿ. ಎಷ್ಟು ಗೊತ್ತಾ? ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ 3.5ರಿಂದ 3.75. ವರ್ಷಕ್ಕೆ ಶೇ 42ರಿಂದ 45. ಅದರ ಮೇಲೆ ಶೇ 18 ಜಿಎಸ್‌ಟಿ. ಇಷ್ಟೊಂದು ಬಡ್ಡಿ ಹಾಕಲು ಕಾನೂನು ಬಿಡುತ್ತದಾ ಅಂತ ಕೇಳುವವರಿದ್ದಾರೆ. ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ ಕೋರ್ಟು ಕಾಪಾಡುತ್ತದೆ ಅಂತ ಕಾಯಬೇಡಿ. ಬಡ್ಡಿ ಬೀಳದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ, ಕಷ್ಟವೂ ಅಲ್ಲ.

1. ಎರಡು ತಾರೀಕು ಬರೆದಿಡಿ

ಬಿಲ್ಲು ತಯಾರಾಗುವ ತಾರೀಕು ಒಂದು, ದುಡ್ಡು ಕಟ್ಟಲು ಕೊನೆಯ ತಾರೀಕು ಇನ್ನೊಂದು. ನಿಮ್ಮ ಬಿಲ್ಲು ಪ್ರತಿ ತಿಂಗಳು 15ಕ್ಕೆ ಆಗುತ್ತದೆ, ಕೊನೆಯ ದಿನ ಮುಂದಿನ ತಿಂಗಳು 5 ಅಂತಿಟ್ಟುಕೊಳ್ಳಿ. ಮೇ 16ರಂದು ಕೊಂಡಿದ್ದು ಜೂನ್ 15ರ ಬಿಲ್ಲಿಗೆ ಸೇರುತ್ತದೆ, ಕಟ್ಟಲು ಜುಲೈ 5ರವರೆಗೆ ಟೈಮ್ ಇರುತ್ತದೆ. ಸುಮಾರು 50 ದಿನ ಬಡ್ಡಿ ಇಲ್ಲ. ಅದೇ ವಸ್ತುವನ್ನು ಜೂನ್ 15ರಂದು ಕೊಂಡರೆ ಸಿಗುವುದು 20 ದಿನ ಮಾತ್ರ. ದೊಡ್ಡ ಖರ್ಚಿದ್ದರೆ ಬಿಲ್ಲಿನ ಮಾರನೆ ದಿನ ಮಾಡಿ, ಅಷ್ಟೇ.

ಸಂಬಳ ಬರುವ ದಿನಕ್ಕೂ ಬಿಲ್ಲಿನ ದಿನಕ್ಕೂ ಹೊಂದಿಕೆಯಾಗದಿದ್ದರೆ ಬದಲಾಯಿಸಿಕೊಳ್ಳಿ. ಕನಿಷ್ಠ ಒಂದು ಸಲವಾದರೂ ಬಿಲ್ಲಿನ ತಾರೀಕು ಬದಲಾಯಿಸಲು ಅವಕಾಶ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆಪ್‌ನಲ್ಲಿ ಆಗದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.

2. ಕೊಳ್ಳುವಾಗ ದುಡ್ಡು ಖಾತೆಯಲ್ಲಿ ಇರಬೇಕು

ನನ್ನ ಪ್ರಕಾರ ಇದೊಂದೇ ನಿಯಮ ಸಾಕು. ಉಳಿತಾಯ ಖಾತೆಯಲ್ಲಿ ಈಗಾಗಲೇ ಇರುವ ದುಡ್ಡಿಗೆ ಮಾತ್ರ ಕಾರ್ಡ್ ಉಜ್ಜಿ. ಮುಂದೆ ಬರುವ ದುಡ್ಡಿಗೆ ಬೇಡ. ಜೂನ್‌ನಲ್ಲಿ ಶಾಲೆ ಫೀಸು, ಮಳೆಗಾಲಕ್ಕೆ ಮುಂಚಿನ ಗೊಬ್ಬರ, ತೋಟದ ಕಳೆ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಕಾಫಿ ದುಡ್ಡು ಅಷ್ಟರಲ್ಲಿ ಕರಗಿರುತ್ತದೆ. ಆಗ ಕಾರ್ಡ್ ನೆನಪಾಗುವುದು ಸಹಜ. ಆದರೆ ಕಾರ್ಡಿನ 50 ದಿನಕ್ಕೂ ಮುಂದಿನ ಕೊಯ್ಲಿನ ದುಡ್ಡಿಗೂ ನಡುವೆ ಎಷ್ಟೋ ತಿಂಗಳ ಅಂತರವಿದೆ. ಆ ಅಂತರಕ್ಕೆ ಬೆಳೆ ಸಾಲ ಇದೆ, ಚಿನ್ನದ ಸಾಲ ಇದೆ, ಅಂಗಡಿ ಲೆಕ್ಕವೂ ಇದೆ. ಕಾರ್ಡ್ ಅದಕ್ಕೆ ಆಗುವ ವಸ್ತುವಲ್ಲ.

ಇನ್ನೊಂದು ಮಾತು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡುವುದು ಈಗ ಜೋರಾಗಿದೆ. ಇಪ್ಪತ್ತು, ಮೂವತ್ತು ರೂಪಾಯಿ ಹೋಗಿದ್ದು ಗೊತ್ತೇ ಆಗುವುದಿಲ್ಲ. ತಿಂಗಳ ಕೊನೆಗೆ ಸ್ಟೇಟ್‌ಮೆಂಟು ಮೂರು ಪುಟ! ಜೋಡಿಸಲೇಬೇಕು ಅಂತಿದ್ದರೆ ಜೋಡಿಸಿ. ನಾನಂತೂ ಬೇಡ ಎನ್ನುತ್ತೇನೆ.

3. ಬಿಲ್ಲು ಬಂದಾಗ: ಎಲ್ಲರೂ ಎಡವುವುದು ಇಲ್ಲೇ

ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ‘ಟೋಟಲ್ ಅಮೌಂಟ್ ಡ್ಯೂ’ ಮತ್ತು ‘ಮಿನಿಮಮ್ ಅಮೌಂಟ್ ಡ್ಯೂ’. ಮೊದಲನೆಯದು 40,000 ಇದ್ದರೆ ಎರಡನೆಯದು 2,000 ಇರಬಹುದು. ಸಾಮಾನ್ಯವಾಗಿ ಒಟ್ಟು ಬಾಕಿಯ ಶೇ 5ರಷ್ಟು. ‘ಮಿನಿಮಮ್ ಕಟ್ಟಿದೀನಲ್ಲ, ಇನ್ನೇನು?’ ಅಂತ ಬಹಳ ಜನ ನೆಮ್ಮದಿಯಾಗಿರುತ್ತಾರೆ. ಅಷ್ಟು ಕಟ್ಟಿದರೆ ತಡ ಮಾಡಿದ ದಂಡ ತಪ್ಪುತ್ತದೆ, ಎಲ್ಲರ ಸಾಲದ ಲೆಕ್ಕ ಇಡುವ ಸಿಬಿಲ್‌ನಲ್ಲಿ ಸುಸ್ತಿದಾರ ಅಂತ ಬೀಳುವುದೂ ತಪ್ಪುತ್ತದೆ. ಬಡ್ಡಿ ತಪ್ಪುವುದಿಲ್ಲ. 40,000 ರೂಪಾಯಿಗೆ ತಿಂಗಳಿಗೆ ಶೇ 3.75 ಅಂದರೆ 1,500 ಬಡ್ಡಿ, 270 ಜಿಎಸ್‌ಟಿ, ಒಟ್ಟು 1,770. ನೀವು ಕಟ್ಟಿದ 2,000ದಲ್ಲಿ ಅಸಲಿಗೆ ಹೋಗುವುದು 230 ರೂಪಾಯಿ. ಹೀಗೇ ಕಟ್ಟುತ್ತಾ ಹೋದರೆ ತೀರಲು ವರ್ಷಗಟ್ಟಲೆ ಬೇಕು. ಈ ಎಚ್ಚರಿಕೆಯನ್ನು ಬ್ಯಾಂಕಿನವರು ಸ್ಟೇಟ್‌ಮೆಂಟಿನಲ್ಲೇ ಮುದ್ರಿಸಬೇಕು, ಮುದ್ರಿಸಿಯೂ ಇರುತ್ತಾರೆ. ಓದುವವರು ಯಾರು?

ಮಿನಿಮಮ್ ವಿಷಯ ಈಗೀಗ ಜನಕ್ಕೆ ಸ್ವಲ್ಪ ಗೊತ್ತಾಗಿದೆ. ಗೊತ್ತಿಲ್ಲದೆ ಇರುವುದು ಇದು: ಬಹುಪಾಲು ಕಟ್ಟಿ ಸ್ವಲ್ಪ ಬಾಕಿ ಉಳಿಸಿದರೂ ಬಡ್ಡಿ ಬೀಳುವುದು ಪೂರ್ತಿ ಮೊತ್ತಕ್ಕೆ. ಬುದ್ಧಿವಂತರು, ಲೆಕ್ಕ ಬಲ್ಲವರು ಕೂಡ ಇದನ್ನು ನಂಬುವುದಿಲ್ಲ. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಪೆನ್ನು ಹಿಡಿದು ಕೂತುಕೊಳ್ಳಿ.

ಮೇ 20ರಂದು ನೀವು ಕಳೆ ಹೊಡೆಯುವ ಮಿಷನ್ ಕೊಂಡಿರಿ, 40,000 ರೂಪಾಯಿ. ಜೂನ್ 15ಕ್ಕೆ ಬಿಲ್ಲು ಬಂತು. ಜುಲೈ 5ಕ್ಕೆ 35,000 ಕಟ್ಟಿದಿರಿ. ಖಾತೆಯಲ್ಲಿ ಅಷ್ಟೇ ಇತ್ತು. ‘ಉಳಿದ ಐದು ಸಾವಿರ ಮುಂದಿನ ತಿಂಗಳು ಕಟ್ಟೋಣ, ಅದಕ್ಕೆ ಬಡ್ಡಿ ಬಂದರೆ ಎಷ್ಟು ಬಂದೀತು, ನೂರೋ ಇನ್ನೂರೋ’ ಅಂದುಕೊಂಡಿರಿ. ನಡುವೆ ಜೂನ್ 20ರಂದು ಅದೇ ಕಾರ್ಡಿನಲ್ಲಿ 6,000 ರೂಪಾಯಿಯ ದಿನಸಿಯನ್ನೂ ತಂದಿದ್ದೀರಿ. ಜುಲೈ 15ರ ಬಿಲ್ಲು ಹೀಗೆ ಬರುತ್ತದೆ.

ಮೊದಲು ಮಿಷನ್. ಪೂರ್ತಿ ಕಟ್ಟದೆ ಇದ್ದಿದ್ದರಿಂದ ಬಡ್ಡಿ ಇಲ್ಲದ ಅವಧಿಯೇ ರದ್ದಾಯಿತು. ಕೊಂಡ ದಿನದಿಂದ, ಅಂದರೆ ಮೇ 20ರಿಂದ ಜುಲೈ 5ರವರೆಗೆ 46 ದಿನ, ಪೂರ್ತಿ 40,000ಕ್ಕೆ ಬಡ್ಡಿ. ವರ್ಷಕ್ಕೆ ಶೇ 45ರ ಲೆಕ್ಕದಲ್ಲಿ ಸುಮಾರು 2,268 ರೂಪಾಯಿ. ಆಮೇಲೆ ಉಳಿದ 5,000ಕ್ಕೆ ಜುಲೈ 5ರಿಂದ 15ರವರೆಗೆ 10 ದಿನ, 62 ರೂಪಾಯಿ. ನೀವು ಅಂದುಕೊಂಡ ಬಡ್ಡಿ ಈ 62 ಮಾತ್ರ, ಅಲ್ವಾ? ಇನ್ನು ದಿನಸಿ. ಅದರ ಬಿಲ್ಲೇ ಇನ್ನೂ ಬಂದಿರಲಿಲ್ಲ. ಆದರೂ ಹಳೆಯ ಬಾಕಿ ಇರುವ ಕಾರಣ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. 25 ದಿನಕ್ಕೆ 185. ಎಲ್ಲ ಸೇರಿ 2,515. ಜಿಎಸ್‌ಟಿ 453. ಒಟ್ಟು 2,968 ರೂಪಾಯಿ.

ಐದು ಸಾವಿರ ಬಾಕಿ ಇಟ್ಟಿದ್ದಕ್ಕೆ ಹತ್ತಿರ ಹತ್ತಿರ ಮೂರು ಸಾವಿರ! ಯಾರಿಂದಲಾದರೂ ಕೈಗಡ ತಂದು ಆ ಐದು ಸಾವಿರ ತುಂಬಿದ್ದರೆ ಒಂದು ಪೈಸೆಯೂ ಬೀಳುತ್ತಿರಲಿಲ್ಲ.

ಕಥೆ ಇಲ್ಲಿಗೂ ಮುಗಿಯುವುದಿಲ್ಲ. ಬೆಚ್ಚಿಬಿದ್ದು ನೀವು ಆಗಸ್ಟ್ 5ಕ್ಕೆ ಬಿಲ್ಲಿನಲ್ಲಿದ್ದ ಮೊತ್ತವನ್ನು ಪೂರ್ತಿ ಕಟ್ಟುತ್ತೀರಿ. ಆಗಸ್ಟ್ 15ರ ಬಿಲ್ಲಿನಲ್ಲಿ ಮತ್ತೆ ಮುನ್ನೂರು ಚಿಲ್ಲರೆ ಬಡ್ಡಿ ಇರುತ್ತದೆ. "ಪೂರ್ತಿ ಕಟ್ಟಿದ ಮೇಲೂ ಹಾಕಿದಾರೆ, ಮೋಸ" ಅಂತ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬರುತ್ತಾರೆ. ಮೋಸ ಅಲ್ಲ. ಜುಲೈ 15ರಿಂದ ಆಗಸ್ಟ್ 5ರವರೆಗೆ ಬಾಕಿ ಇತ್ತಲ್ಲ, ಆ 21 ದಿನದ ಬಡ್ಡಿ ಅದು. ಒಮ್ಮೆ ಬಡ್ಡಿಗೆ ಬಿದ್ದರೆ ಕೊನೆಯ ದಿನಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ಬಿಲ್ಲು ಬಂದ ದಿನವೇ, ಸಾಧ್ಯವಾದರೆ ಅದಕ್ಕೂ ಮುಂಚೆ ಕಟ್ಟಿಬಿಡಿ. ಬಾಕಿ ಸೊನ್ನೆ ಆಗುವವರೆಗೆ ಆ ಕಾರ್ಡನ್ನು ಬೀರುವಿನಲ್ಲಿಡಿ. ಹೊಸದಾಗಿ ಏನು ಕೊಂಡರೂ ಮೊದಲ ದಿನದಿಂದಲೇ ಬಡ್ಡಿ ಅನ್ನುವುದು ನೆನಪಿರಲಿ.

ಬ್ಯಾಂಕಿನಿಂದ ಬ್ಯಾಂಕಿಗೆ ದರ ಬೇರೆ ಇರಬಹುದು, ಲೆಕ್ಕದ ಕ್ರಮ ಹೆಚ್ಚು ಕಡಿಮೆ ಇದೇ.

ಕೊನೆಯ ದಿನ ತಪ್ಪಿಹೋದರೆ? ಮೂರು ದಿನ ದಾಟುವವರೆಗೆ ತಡದ ದಂಡ ಹಾಕುವಂತಿಲ್ಲ, ಸಿಬಿಲ್‌ಗೂ ಬಾಕಿ ಅಂತ ತಿಳಿಸುವಂತಿಲ್ಲ, ಇದೂ ರಿಸರ್ವ್ ಬ್ಯಾಂಕಿನ ನಿಯಮ. ಮರೆತವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಇದನ್ನೇ ಕೊನೆಯ ದಿನ ಅಂತ ಮಾಡಿಕೊಳ್ಳಬೇಡಿ.

4. ಆಟೋ ಡೆಬಿಟ್ ಹಾಕಿಸಿ, ಆದರೆ ಯಾವುದಕ್ಕೆ ಅಂತ ನೋಡಿ

ಆಪ್‌ನಲ್ಲಿ ಆಟೋ ಡೆಬಿಟ್ ಒತ್ತಿದಾಗ ಎರಡು ಆಯ್ಕೆ ಬರುತ್ತವೆ: ಟೋಟಲ್, ಮಿನಿಮಮ್. ಕಾರ್ಡ್ ಮಾರಲು ಬಂದ ಹುಡುಗ ಫಾರಂ ತುಂಬುವಾಗ ಮಿನಿಮಮ್‌ಗೆ ಟಿಕ್ ಹಾಕಿ ಹೋಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಕಾರ್ಡ್ ಇಟ್ಟುಕೊಂಡವರಿಗೆ ‘ನನ್ನದು ಆಟೋ ಇದೆ’ ಅಂತ ಧೈರ್ಯ, ಬಡ್ಡಿ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. ಇವತ್ತೇ ಆಪ್ ತೆಗೆದು ನೋಡಿ, ಟೋಟಲ್ ಅಂತಲೇ ಇರಬೇಕು. ಹೊಸದಾಗಿ ಹಾಕಿಸಿದ ಮೊದಲ ಬಿಲ್ಲಿಗೆ ಅದು ಜಾರಿಗೆ ಬಂದಿರುವುದಿಲ್ಲ, ಹಲವು ಸಲ ಹೀಗಾಗುತ್ತದೆ. ಆ ತಿಂಗಳು ಕೈಯಾರೆ ಕಟ್ಟಿ. ಕೊನೆಯ ದಿನದ ಹಿಂದಿನ ರಾತ್ರಿ ಖಾತೆಯಲ್ಲಿ ದುಡ್ಡಿರಲಿ, ಇಲ್ಲದಿದ್ದರೆ ಬೌನ್ಸ್ ಆಗಿ ಇನ್ನೊಂದು ದಂಡ.

ನಗರಕ್ಕೆ ಬಂದಾಗ ಬ್ಯಾಂಕಿಗೆ ಹೋಗಿ ಕಟ್ಟುತ್ತೇನೆ ಎನ್ನುವ ಹಿರಿಯರಿಗೆ ಒಂದು ಮಾತು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು, ರಸ್ತೆ ಯಾವುದನ್ನೂ ನಂಬುವಂತಿಲ್ಲ. ಆಟೋ ಡೆಬಿಟ್ಟೇ ಒಳ್ಳೆಯದು.

5. ಎಟಿಎಂನಲ್ಲಿ ಈ ಕಾರ್ಡ್ ಹಾಕಲೇಬೇಡಿ

ಬಟವಾಡೆ ದಿನ ಕೈಯಲ್ಲಿ ಕಾಸಿಲ್ಲ, ಆಳುಗಳು ಕಾಯುತ್ತಿದ್ದಾರೆ ಅಂತ ಕ್ರೆಡಿಟ್ ಕಾರ್ಡಿನಲ್ಲಿ ಹತ್ತು ಸಾವಿರ ತೆಗೆಯುತ್ತಾರೆ. ನಗದು ತೆಗೆದರೆ ಬಡ್ಡಿ ಇಲ್ಲದ ಅವಧಿಯೇ ಇಲ್ಲ, ಆ ಕ್ಷಣದಿಂದಲೇ ಮೀಟರ್ ಓಡುತ್ತದೆ. ಜೊತೆಗೆ ಹಲವು ಬ್ಯಾಂಕುಗಳಲ್ಲಿ ಶೇ 2.5 ಅಥವಾ ಕನಿಷ್ಠ 500 ರೂಪಾಯಿ ಶುಲ್ಕ. ತಿಂಗಳು ಕಳೆಯುವಷ್ಟರಲ್ಲಿ ಹತ್ತು ಸಾವಿರಕ್ಕೆ ಸಾವಿರ ರೂಪಾಯಿ ಹೋಗಿರುತ್ತದೆ. ಆಪ್‌ನಲ್ಲಿ ನಗದು ತೆಗೆಯುವ ಸೌಲಭ್ಯವನ್ನೇ ಆಫ್ ಮಾಡಿಡಿ.

6. ‘ಇಎಂಐ ಮಾಡಿಕೊಡ್ತೀವಿ ಸಾರ್’ ಎನ್ನುವ ಫೋನು

ಬಿಲ್ಲು ದೊಡ್ಡದಾಗಿದ್ದರೆ ಈ ಫೋನು ಖಂಡಿತ ಬರುತ್ತದೆ. ದುಡ್ಡಿದ್ದರೆ ಬೇಡ ಅನ್ನಿ. ನಿಜವಾಗಿ ದುಡ್ಡಿಲ್ಲದಿದ್ದರೆ, ಕೊನೆಯ ದಿನಕ್ಕೆ ಮುಂಚೆ ಇಎಂಐ ಮಾಡಿಸುವುದು ಶೇ 45ರ ಬಾಯಿಗೆ ಬೀಳುವುದಕ್ಕಿಂತ ವಾಸಿ. ಅದಕ್ಕಿಂತಲೂ ವಾಸಿ ಬ್ಯಾಂಕಿನಲ್ಲಿ ಚಿನ್ನ ಇಟ್ಟು ಸಾಲ ತಂದು ಕಾರ್ಡ್ ತೀರಿಸುವುದು. ಅಲ್ಲಿನ ಬಡ್ಡಿ ಕಾರ್ಡಿನದರ ಸುಮಾರು ಕಾಲು ಭಾಗ. ಚಿನ್ನ ಇಡುವುದು ಅವಮಾನ ಅಂತ ಮನೆಯವರು ಗೊಣಗಬಹುದು. ಸಾವಿರಗಟ್ಟಲೆ ಬಡ್ಡಿ ಸುಮ್ನೆ ಹೋಗುತ್ತಿರುವುದನ್ನು ಅವರಿಗೆ ತೋರಿಸಿ, ಗೊಣಗಾಟ ನಿಲ್ಲುತ್ತದೆ.

‘ನೋ ಕಾಸ್ಟ್ ಇಎಂಐ’ ಪೂರ್ತಿ ಪುಕ್ಕಟೆ ಅಲ್ಲ. ಬಡ್ಡಿಯನ್ನು ರಿಯಾಯಿತಿಯಾಗಿ ಕಳೆದು ತೋರಿಸುತ್ತಾರೆ, ಆದರೆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೆ. ಪ್ರೊಸೆಸಿಂಗ್ ಫೀ ಕೂಡ ಇರುತ್ತದೆ. ನಗದಿಗೆ ಅಂಗಡಿಯವನು ಎಷ್ಟು ಕಡಿಮೆ ಮಾಡುತ್ತಾನೆ ಅಂತ ಕೇಳಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಫೋನಿನಲ್ಲಿ ಮಾರುವ ‘ಕಾರ್ಡ್ ಪ್ರೊಟೆಕ್ಷನ್’, ಜೊತೆಗೆ ತಗುಲಿಸುವ ವಿಮೆ ಇವೆಲ್ಲ ಕಸ. ಕಾರ್ಡ್ ಉಜ್ಜಿದ್ದಕ್ಕೆ ಕೊಡುವ ರಿವಾರ್ಡ್ ಪಾಯಿಂಟ್ ಆಸೆಗೂ ಖರ್ಚು ಮಾಡಬೇಡಿ. ಎಷ್ಟೋ ಕಾರ್ಡುಗಳಲ್ಲಿ ಒಂದು ಪಾಯಿಂಟಿನ ಬೆಲೆ ಇಪ್ಪತ್ತು, ಇಪ್ಪತ್ತೈದು ಪೈಸೆ. ಒಂದೇ ಒಂದು ತಿಂಗಳ ಬಡ್ಡಿ ವರ್ಷವಿಡೀ ಕೂಡಿಟ್ಟ ಪಾಯಿಂಟನ್ನು ನುಂಗಿಬಿಡುತ್ತದೆ.

7. ಆಗುವುದಿಲ್ಲ ಅನ್ನಿಸಿದರೆ ಮುಚ್ಚಿಸಿ

ಕೆಲವರಿಗೆ ಕಾರ್ಡ್ ಒಗ್ಗುವುದಿಲ್ಲ, ತಪ್ಪೇನಿಲ್ಲ. ಬಾಕಿ ಪೂರ್ತಿ ತೀರಿಸಿ, ಮುಚ್ಚಿ ಅಂತ ಬರಹದಲ್ಲಿ ಕೇಳಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಬ್ಯಾಂಕಿನವರು ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೇ ಕೊಡಬೇಕು. ‘ಇನ್ನೊಂದು ವರ್ಷ ಇಟ್ಟುಕೊಳ್ಳಿ ಸಾರ್, ಫೀಸು ಮನ್ನಾ ಮಾಡ್ತೀವಿ’ ಅಂತ ಪುಸಲಾಯಿಸುತ್ತಾರೆ, ಕರಗಬೇಡಿ. ಮುಚ್ಚಿದೆ ಎನ್ನುವ ಮೆಸೇಜು ಬಂದ ಮೇಲೆ ಅದನ್ನು ಅಳಿಸದೆ ಇಡಿ. ಕಾರ್ಡನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿ ಒಲೆಗೆ ಹಾಕಿದವರ ಹೆಸರಿಗೂ ವರ್ಷದ ಶುಲ್ಕ, ಅದರ ಮೇಲೆ ತಡದ ದಂಡ ಬಂದಿದ್ದನ್ನು ನೋಡಿದ್ದೇನೆ. ಕತ್ತರಿಸಿದರೆ ಪ್ಲಾಸ್ಟಿಕ್ ಹೋಗುತ್ತದೆ, ಖಾತೆ ಹಾಗೇ ಇರುತ್ತದೆ.