ಕಲ್ಲಂಗಡಿ ಹೊಲಕ್ಕೆ ಜೇನು ಪೆಟ್ಟಿಗೆ: ನನ್ನ ಅನುಭವ

ಹಿರಿಯೂರು ಕಡೆಯ ಕಲ್ಲಂಗಡಿ ರೈತರು ಪರಾಗಸ್ಪರ್ಶಕ್ಕೆ ಅಂತ ನನ್ನ ಜೇನು ಪೆಟ್ಟಿಗೆ ಬಾಡಿಗೆಗೆ ಕೇಳಿಕೊಂಡು ಬಂದಾಗ ಮೊದಲ ಪ್ರಶ್ನೆ, ಎಕರೆಗೆ ಎಷ್ಟು ಬೇಕು ಅಂತ. ನಾನು ಮೊದಲು ಕೇಳುವುದು ಬೇರೆ: ಹೆಣ್ಣು ಹೂವು ಕಾಣಿಸಿದೆಯಾ? ಯಾವ ಔಷಧಿ ಹೊಡೆಯುತ್ತೀರಿ?

ಕಲ್ಲಂಗಡಿಯಲ್ಲಿ ಗಂಡು ಹೂವು ಮೊದಲು ಬರುತ್ತದೆ. ಹೆಣ್ಣು ಹೂವು ಆಮೇಲೆ. ಅದರ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗುರುತಿಸುವುದು ಸುಲಭ. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುದುಡುತ್ತದೆ, ಮರುದಿನ ಅರಳುವುದಿಲ್ಲ. ಅಷ್ಟರೊಳಗೆ ಒಂದೊಂದು ಹೂವಿಗೂ ಜೇನುನೊಣ ಪರಾಗ ಹೊತ್ತು ಏಳೆಂಟು ಸಲವಾದರೂ ಬರಬೇಕು. ಇಲ್ಲದಿದ್ದರೆ ಕಾಯಿ ಉದುರುತ್ತದೆ, ಉಳಿದರೂ ಸೊಟ್ಟಗಾಗುತ್ತದೆ. ಸೊಟ್ಟ ಕಾಯಿಗೆ ರೇಟು ಎಲ್ಲಿ ಸಿಗುತ್ತದೆ?

ಹಾಗಂತ ತೀರಾ ಮುಂಚೆ ಪೆಟ್ಟಿಗೆ ಇಡಬಾರದು. ನೊಣಗಳು ಪಕ್ಕದ ಸೂರ್ಯಕಾಂತಿ ಹಿಡಿದುಬಿಡುತ್ತವೆ. ಕಲ್ಲಂಗಡಿಯಲ್ಲಿ ಮಕರಂದ ಕಡಿಮೆ, ಅವನ್ನು ಆಮೇಲೆ ಇತ್ತ ತಿರುಗಿಸುವುದು ಕಷ್ಟ.

ನಾನು ಕೊಡುವುದು ಮೆಲ್ಲಿಫೆರಾ ಅನ್ನುವ ಯುರೋಪಿನ ಜೇನು, ಎಕರೆಗೆ ಎರಡು ಪೆಟ್ಟಿಗೆ. ತುಡುವೆ ಜೇನು ನಮ್ಮ ನೆಲದ್ದು, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಪದೇ ಪದೇ ಜಾಗ ಬದಲಿಸಿದರೆ ಅದು ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಮೆಲ್ಲಿಫೆರಾ ಪೆಟ್ಟಿಗೆಯೊಳಗೆ ಮೇಣದ ಎರಿ ಕಟ್ಟುವ ಎಂಟು ಚೌಕಟ್ಟಿನ ತುಂಬ ನೊಣ ಇರಬೇಕು, ನಾಲ್ಕೈದರಲ್ಲಿ ಮರಿ ಇರಬೇಕು. ಮರಿಗೆ ಪರಾಗ ಬೇಕು. ಪರಾಗಕ್ಕೆ ಹೋಗುವ ನೊಣವೇ ಈ ಕೆಲಸಕ್ಕೆ ಉತ್ತಮ. ರೈತರ ಎದುರೇ ಪೆಟ್ಟಿಗೆ ತೆರೆದು ತೋರಿಸುತ್ತೇನೆ. ಅರ್ಧ ಖಾಲಿ ಪೆಟ್ಟಿಗೆ ಇಟ್ಟು ಪೂರ್ತಿ ಬಾಡಿಗೆ ತೆಗೆದುಕೊಳ್ಳುವುದು ಮೋಸ.

ಸಾಗಿಸುವುದು ರಾತ್ರಿ. ನೊಣಗಳೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಹಾಕಿ, ಬೆಳಕು ಹರಿಯುವ ಮೊದಲೇ ಇಳಿಸುತ್ತೇನೆ. ಗಾಳಿಯಾಡದಿದ್ದರೆ ಸೆಖೆಗೆ ಎರಿ ಕುಸಿದು ಪೆಟ್ಟಿಗೆಯ ಇಡೀ ನೊಣದ ಕುಟುಂಬವೇ ಸಾಯುತ್ತದೆ. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಬೇಸಿಗೆಯಾದ್ದರಿಂದ ಹತ್ತಿರದಲ್ಲಿ ಕುಡಿಯಲು ನೀರು ಬೇಕೇ ಬೇಕು. ಅದರಲ್ಲಿ ಗೋಣಿತಾಟು ಹಾಸಿದರೆ ನೊಣ ಮುಳುಗುವುದಿಲ್ಲ.

ನನ್ನ ಪೆಟ್ಟಿಗೆಗಳಿಗೆ ಎಲ್ಲಕ್ಕಿಂತ ದೊಡ್ಡ ಭಯ ಕೀಟಕ್ಕೆ ಹೊಡೆಯುವ ಔಷಧಿಯದು. ಬೆಳಿಗ್ಗೆ ಹೊಡೆದರೆ ಸಂಜೆಗೆ ಬಾಗಿಲ ಮುಂದೆ ಸತ್ತ ನೊಣಗಳ ರಾಶಿ. ನೋಡಿದರೆ ಹೊಟ್ಟೆ ಉರಿಯುತ್ತದೆ. "ಥ್ರಿಪ್ಸ್ ಬಿದ್ದರೆ ಏನು ಮಾಡಲಿ ಅಣ್ಣಾ?" ಅಂತ ರೈತರು ಕೇಳುತ್ತಾರೆ. ಥ್ರಿಪ್ಸ್ ಅಂದರೆ ರಸ ಹೀರುವ ಸಣ್ಣ ಕೀಟ. ನ್ಯಾಯವಾದ ಮಾತೇ, ಅವರ ಬೆಳೆಯೂ ಉಳಿಯಬೇಕಲ್ವಾ? ಹಿಂದಿನ ದಿನವೇ ನನಗೆ ಫೋನ್ ಮಾಡಿ, ನೊಣಕ್ಕೆ ಹಾನಿ ಕಡಿಮೆ ಇರುವ ಔಷಧಿಯನ್ನು ಸಂಜೆ ಹೊಡೆಯಿರಿ ಅನ್ನುತ್ತೇನೆ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಮಾತ್ರ ಡ್ರಿಪ್‌ನಲ್ಲೂ ಬೇಡ. ಬೇರು ಹೀರಿದ್ದು ಪರಾಗಕ್ಕೂ ಮಕರಂದಕ್ಕೂ ಬರುತ್ತದೆ. ನೊಣ ಎರಡು ಮೂರು ಕಿ.ಮೀ. ಹಾರುತ್ತದೆ, ಹಾಗಾಗಿ ಅಕ್ಕಪಕ್ಕದ ಹೊಲದವರಿಗೂ ನಾನೇ ಹೋಗಿ ಹೇಳಿ ಬರುತ್ತೇನೆ.

ಬಾಡಿಗೆ ಅರ್ಧ ಇಳಿಸುವಾಗ, ಅರ್ಧ ಎತ್ತುವಾಗ. ಔಷಧಿಗೆ ಕುಟುಂಬ ಸತ್ತರೆ ಯಾರು ಎಷ್ಟು ಕೊಡಬೇಕು ಅನ್ನುವುದನ್ನೂ ಮೊದಲೇ ಬರೆದುಕೊಳ್ಳುತ್ತೇವೆ. ಕಾಯಿ ಕಚ್ಚಿದ ಮೇಲೆ ಪೆಟ್ಟಿಗೆಗಳನ್ನು ತಿಪಟೂರು ಕಡೆಯ ತೆಂಗಿನ ತೋಟಕ್ಕೆ ಒಯ್ಯುತ್ತೇನೆ. ತೆಂಗಿನಲ್ಲಿ ವರ್ಷವಿಡೀ ಹೊಂಬಾಳೆ ಒಡೆಯುತ್ತದೆ, ಸೊರಗಿದ ಕುಟುಂಬಗಳು ಅಲ್ಲಿ ಚೇತರಿಸಿಕೊಳ್ಳುತ್ತವೆ.