ಮೆಟ್ರಾಯ್ಡ್ ಪ್ರೈಮ್ 3ರಲ್ಲಿ ಗುರಿ ನಡುಗ್ತಿದ್ರೆ ಮೊದಲು ಬೆಳಕು ನೋಡಿ

ನಿಂಟೆಂಡೊದ ವೀ ಗೇಮ್ ಕನ್ಸೋಲ್‌ನಲ್ಲಿ ಶೂಟಿಂಗ್ ಆಟ ಮೆಟ್ರಾಯ್ಡ್ ಪ್ರೈಮ್ 3 ಆಡುವಾಗ ಗುರಿಯ ಗುರುತು ಸುಮ್ನೆ ನಡುಗ್ತಿದ್ರೆ ಆಟದ ಸೆಟ್ಟಿಂಗ್ ಮುಟ್ಟಬೇಡಿ. ವೀ ಮೆನುಗೆ ಬಂದು ವೀ ಸೆಟ್ಟಿಂಗ್ಸ್‌ನಲ್ಲಿ ಸೆನ್ಸರ್ ಬಾರ್, ಅದರಲ್ಲಿ ಸೆನ್ಸಿಟಿವಿಟಿ ತೆರೆದು ರಿಮೋಟ್ ಅನ್ನು ಟಿವಿ ಕಡೆ ಹಿಡಿಯಿರಿ. ಎರಡೇ ಚುಕ್ಕೆ ಕಾಣಬೇಕು. ಜಾಸ್ತಿ ಕಂಡರೆ ಕಿಟಕಿ ಪರದೆ ಎಳೆಯಿರಿ, ಟಿವಿ ಹತ್ತಿರದ ದೀಪ, ಮೇಣದಬತ್ತಿ ತೆಗೆಯಿರಿ, ಆಮೇಲೂ ಉಳಿದರೆ ಸೆನ್ಸಿಟಿವಿಟಿ ಒಂದು ಹಂತ ಇಳಿಸಿ. ಟಿವಿ ಹತ್ತಿರ ಇಡುವ ಪಟ್ಟಿಯ ಹೆಸರು ಸೆನ್ಸರ್ ಬಾರ್ ಆದರೂ ಅದು ಏನನ್ನೂ ಗ್ರಹಿಸುವುದಿಲ್ಲ, ಎರಡೂ ತುದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುತ್ತದೆ ಅಷ್ಟೇ. ಅದನ್ನು ನೋಡುವ ಕ್ಯಾಮೆರಾ ರಿಮೋಟ್‌ನ ಮೂತಿಯಲ್ಲಿದೆ, ಬಿಸಿಲು, ಬೆಂಕಿಯಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಅದಕ್ಕೆ ಗೊಂದಲವಾಗುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ ಇಟ್ಟುಕೊಂಡವರಿಗೆ ಇದು ತುಂಬಾ ಮುಖ್ಯ, ಯಾಕಂದ್ರೆ ಅದರಲ್ಲಿ ಗುರುತು ಸ್ವಲ್ಪ ಸರಿದರೂ ಆಟದ ನಾಯಕಿ ಸೇಮಸ್ ತಿರುಗಿಬಿಡುತ್ತಾಳೆ. ಒಂದೂ ಚುಕ್ಕೆ ಕಾಣದಿದ್ದರೆ ಬಾರ್‌ನ ವೈರ್ ನೋಡಿ. ತುಂಬಾ ದೂರ ಕೂತಿದ್ದರೆ ಸೆನ್ಸಿಟಿವಿಟಿ ಇಳಿಸಬೇಡಿ, ಇರುವ ಎರಡು ಚುಕ್ಕೆಯೂ ಮಾಯವಾಗಬಹುದು. ರಿಮೋಟ್‌ಗೆ ಜೋಡಿಸುವ ಎರಡನೇ ಹಿಡಿ ನನ್‌ಚಕ್ ಬೀಸಿ ಆಟದಲ್ಲಿ ಗ್ರ್ಯಾಪಲ್ ಎಂಬ ಹಗ್ಗ ಎಸೆಯುವುದು ಸರಿಯಾಗದಿದ್ದರೆ ಇದರಿಂದ ಉಪಯೋಗವಿಲ್ಲ, ಅದು ಬೆಳಕಿನಿಂದಲ್ಲ, ಒಳಗಿನ ಚಲನೆಯ ಸೆನ್ಸರ್‌ನಿಂದ ನಡೆಯುತ್ತದೆ.