ಮುಂಬೈನಲ್ಲಿ ಕನ್ನಡ ವಿ.ಬಿ.ಎಸ್.: ಐದು ದಿನದ ಶಿಬಿರ, ಆಮೇಲೆ ಶನಿವಾರದ ಕೂಟ

ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಎಂದರೆ ರಜೆಯಲ್ಲಿ ಚರ್ಚಿನವರು ಮಕ್ಕಳಿಗೆ ನಡೆಸುವ ಬೈಬಲ್ ಶಿಬಿರ. ಶಿಬಿರದ ತಾರೀಖು ಗೊತ್ತುಮಾಡುವ ಮುಂಚೆ, ಅದರ ನಂತರದ ಶನಿವಾರದ ಕೂಟಕ್ಕೆ ಜಾಗವೂ ಇಬ್ಬರು ಟೀಚರೂ ಸಿಕ್ಕಿದ್ದಾರೆಯೇ ನೋಡಿಕೊಳ್ಳಿ. ಐದು ದಿನ ಹಾಡಿ ಕುಣಿದ ಮಕ್ಕಳನ್ನು ಮುಂದಿನ ವರ್ಷದವರೆಗೆ ಯಾರೂ ವಿಚಾರಿಸದಿದ್ದರೆ ಅಷ್ಟೂ ಖರ್ಚು ಬಲೂನಿಗೆ ಹಾಕಿದಂತೆ.

ಮೇ ಮೊದಲ ವಾರ ಇಡಬೇಡಿ. ರಜೆ ಬಿದ್ದ ಕೂಡಲೇ ಮಕ್ಕಳು ಮಂಗಳೂರು, ಉಡುಪಿ, ಹುಬ್ಬಳ್ಳಿ ಕಡೆಗೆ ರೈಲು ಹತ್ತುತ್ತಾರೆ. ಊರಿನಿಂದ ಮರಳಿ ಬಂದಿರುವ, ಮಳೆ ಇನ್ನೂ ಹಿಡಿಯದ ಜೂನ್ ಮೊದಲ ವಾರವೇ ವಾಸಿ. ರಾಜ್ಯ ಬೋರ್ಡಿನ ಶಾಲೆಗಳು ತೆರೆಯುವುದು ಜೂನ್ ಮಧ್ಯಕ್ಕೆ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ಶುರುವಾಗುವುದರಿಂದ ಮಾರ್ಚ್ ಕೊನೆಯೊಳಗೆ ತಾರೀಖು ಸಾರಿಬಿಡಿ, ವಾಪಸ್ ಟಿಕೆಟನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಚರ್ಚ್ ಸಭೆಯವರು ವಿರಾರ್‌ನಿಂದ ಪನ್ವೇಲ್‌ವರೆಗೆ ಹರಡಿಕೊಂಡಿದ್ದರೆ ಒಂದೇ ದೊಡ್ಡ ಶಿಬಿರದ ಆಸೆ ಬಿಡಿ. ಬೆಳಗಿನ ಲೋಕಲ್‌ನಲ್ಲಿ ಆರು ವರ್ಷದ ಮಗುವನ್ನು ಯಾರೂ ದಿನಾ ಕರೆತರುವುದಿಲ್ಲ. ಎರಡು ಕಡೆ, ಒಂದೊಂದರಲ್ಲಿ 40 ಮಕ್ಕಳು, ಎಂಟು ಜನ ಟೀಚರು, 10ರಿಂದ 12.45ರವರೆಗೆ ಇಟ್ಟುಕೊಂಡರೆ ನಿಭಾಯಿಸಬಹುದು. ಆರರೊಳಗಿನವರಿಗೆ ಐದು ಮಕ್ಕಳಿಗೊಬ್ಬ ಟೀಚರ್ ಬೇಕು.

ಅನುಮತಿ ಚೀಟಿ ಇಲ್ಲದೆ ಒಂದು ಮಗುವನ್ನೂ ಸೇರಿಸಿಕೊಳ್ಳಬೇಡಿ, ಪಾಸ್ಟರ್ ಮಗುವಾದರೂ ಸರಿ. ಚೀಟಿಯಲ್ಲಿ ಫೋನ್ ನಂಬರು, ಅಲರ್ಜಿ, ಮನೆಗೆ ಕರೆದೊಯ್ಯುವವರ ಹೆಸರು ಇರಲಿ. ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳೂ ಬರುತ್ತಾರೆ. ಅವರ ಮನೆಯ ಚೀಟಿ ಮರಾಠಿ ಅಥವಾ ಹಿಂದಿಯಲ್ಲಿರಲಿ, ‘ಇಲ್ಲಿ ಬೈಬಲ್ ಕಥೆ, ಯೇಸುವಿನ ಹಾಡು ಕಲಿಸುತ್ತೇವೆ’ ಎಂದು ನೇರವಾಗಿ ಬರೆದಿರಲಿ. ‘ಪರ್ಸನಾಲಿಟಿ ಕ್ಯಾಂಪ್’ ಎಂಬ ಮುಸುಕು ಬೇಡ. ಬರುವುದಕ್ಕೆ ಬ್ಯಾಗು, ನೋಟ್‌ಬುಕ್ಕಿನ ಆಮಿಷವೂ ಬೇಡ. ಕೊನೆಯ ದಿನ ಮಕ್ಕಳಿಂದ ಕೈ ಎತ್ತಿಸಿ ‘ಯೇಸುವನ್ನು ನಂಬುತ್ತೇನೆ’ ಎಂಬ ತೀರ್ಮಾನ ಪಡೆಯುವ ಪದ್ಧತಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು: ಪಕ್ಕದವನು ಎತ್ತಿದ ಎಂದು ಎಂಟು ವರ್ಷದವನೂ ಎತ್ತುತ್ತಾನೆ.

ಟೀಚರ್ ಒಬ್ಬರೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಶೌಚಾಲಯಕ್ಕೆ ಕರೆದೊಯ್ಯುವಾಗಲೂ ಇಬ್ಬರು ಹೋಗಲಿ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಹಿರಿಯರ ಸಭೆ ಕರೆದು ಒಳಗೊಳಗೇ ಮುಗಿಸುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಗೆ ಅಂಟಿಸಿ.

ಇನ್ನು ಪಾಠ. ಇಲ್ಲಿನ ನಮ್ಮ ಮಕ್ಕಳಲ್ಲಿ ಬಹುಪಾಲಿಗೆ ಮನೆಯ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅದಕ್ಕೇ ‘ಅಕ್ಷರವಿಲ್ಲದ ಪುಸ್ತಕ’ ಹೇಳಿ ಮಾಡಿಸಿದಂತಿದೆ: ಅದರಲ್ಲಿ ಬರಹವಿಲ್ಲ, ಬರೀ ಬಣ್ಣದ ಪುಟಗಳು, ಒಂದೊಂದು ಬಣ್ಣಕ್ಕೂ ಒಂದು ಪಾಠ. 1866ರಲ್ಲಿ ಲಂಡನ್ನಿನ ಬೋಧಕ ಸ್ಪರ್ಜನ್ ಕಪ್ಪು, ಕೆಂಪು, ಬಿಳಿ ಎಂಬ ಮೂರೇ ಪುಟಗಳನ್ನು ಹಿಡಿದು ಪ್ರಸಂಗ ಮಾಡಿದ್ದರು. ಚಿನ್ನದ ಬಣ್ಣ, ಹಸಿರು ಆಮೇಲೆ ಸೇರಿದವು. ಐದು ಬಣ್ಣಕ್ಕೆ ಐದು ದಿನ: ಚಿನ್ನಕ್ಕೆ ಸೃಷ್ಟಿ, ಕಪ್ಪಿಗೆ ತಪ್ಪಿಹೋದ ಮಗ (ಬೈಬಲಿನ ಲೂಕ 15), ಕೆಂಪಿಗೆ ಶಿಲುಬೆ, ಬಿಳಿಗೆ ಯೇಸುವನ್ನು ಕಂಡು ಬದಲಾದ ಜಕ್ಕಾಯ (ಲೂಕ 19), ಹಸಿರಿಗೆ ಬಿತ್ತುವವನ ಸಾಮ್ಯ (ದೃಷ್ಟಾಂತ ಕಥೆ). ಒಂದು ಎಚ್ಚರಿಕೆ: ‘ಕಪ್ಪು ಅಂದರೆ ಪಾಪ’ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ತರಗತಿಯಲ್ಲಿ ಕಪ್ಪಗಿರುವ ಮಗುವಿನ ಕಡೆ ಉಳಿದವರು ತಿರುಗಿ ನೋಡುತ್ತಾರೆ. ‘ಕತ್ತಲೆ’ ಎನ್ನಿ, ದೀಪ ಆರಿಸಿ ತೋರಿಸಿ.

ಬಾಯಿಪಾಠಕ್ಕೆ ಕೀರ್ತನೆ 23:1ರಂಥ ಚಿಕ್ಕ ವಚನ ಸಾಕು, ದಿನಕ್ಕೊಂದರಂತೆ. ಚಾರ್ಟಿನಲ್ಲಿ ಮೇಲೆ ಕನ್ನಡ, ಕೆಳಗೆ ಅದೇ ಉಚ್ಚಾರ ದೇವನಾಗರಿಯಲ್ಲಿ. ಮರಾಠಿ ಓದುವ ಮಕ್ಕಳಿಗೆ ‘ಳ’ ತೊಡಕಾಗದು. ಆದರೆ ಹಿಂದಿ, ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ, ಎಲ್ಲವನ್ನೂ ಎಳೆದು ಓದುತ್ತಾರೆ. ಆದ್ದರಿಂದ ಚಾರ್ಟ್ ತೋರಿಸುವ ಮೊದಲು ಐದಾರು ಸಲ ಬಾಯಲ್ಲಿ ಹೇಳಿಸಿ.

ಫ್ಲಾನೆಲ್ ಬೋರ್ಡಿನ (ಕಥೆಯ ಚಿತ್ರ ಅಂಟಿಸಿ ತೋರಿಸುವ, ಬಟ್ಟೆ ಹೊದಿಸಿದ ಹಲಗೆ) ಮೇಲಿನ ಚಿತ್ರಗಳು ಫ್ಯಾನಿನ ಗಾಳಿಗೆ ಒಂದೊಂದೇ ಉದುರುತ್ತವೆ, ಮಕ್ಕಳು ಕಥೆ ಬಿಟ್ಟು ನಗಲು ಶುರುಮಾಡುತ್ತಾರೆ. ಸೆಕೆಯಲ್ಲಿ ಫ್ಯಾನ್ ಆರಿಸುವಂತಿಲ್ಲ. ಬೋರ್ಡನ್ನು ನೆಟ್ಟಗೆ ನಿಲ್ಲಿಸದೆ ಸ್ವಲ್ಪ ಹಿಂದಕ್ಕೆ ವಾಲಿಸಿ, ಚಿತ್ರದ ಹಿಂದೆ ಉಪ್ಪುಕಾಗದದ (ಪಾಲಿಶ್ ಪೇಪರ್) ಎರಡು ತುಂಡು ಅಂಟಿಸಿ. ಒರಟು ಮುಖ ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ.

ಕೈಕೆಲಸಕ್ಕೆ ಐದು ಬಣ್ಣದ ಮಣಿಯ ಕೈಪಟ್ಟಿ: ಮಗುವಿಗೆ 25 ಸೆಂ.ಮೀ. ದಾರ, ಐದು ಮಣಿ, ದಿನಕ್ಕೊಂದು ಪೋಣಿಸಿ ಹೆಸರು ಬರೆದ ಲಕೋಟೆಗೆ ಹಾಕಿಡಿ. ಮನೆಗೆ ಕೊಟ್ಟರೆ ಮರುದಿನ ಮರಳಿ ಬರುವುದಿಲ್ಲ. ಆರರೊಳಗಿನವರು ಮಣಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಅವರಿಗೆ ಬಣ್ಣದ ಕಾಗದದ ಪಟ್ಟಿ. ಇಲ್ಲಿನ ತೇವಕ್ಕೆ ಫೆವಿಕಾಲ್ ಬೇಗ ಒಣಗದು, ಗ್ಲೂ ಸ್ಟಿಕ್ ಕೊಡಿ.

ತಿಂಡಿಗೆ ಒಗ್ಗರಣೆ ಅವಲಕ್ಕಿ. ಟೀಚರೂ ಸೇರಿ 48 ಜನಕ್ಕೆ ಎರಡು ಕಿಲೋ ಅವಲಕ್ಕಿ ಸಾಕು. ತೆಂಗಿನತುರಿ ಬೆರೆಸಬೇಡಿ, ಬೆಳಿಗ್ಗೆ ಏಳಕ್ಕೆ ಮಾಡಿ ಮುಚ್ಚಿಟ್ಟದ್ದು ಹನ್ನೊಂದೂವರೆಗೆ ಹಳಸಲು ವಾಸನೆ ಹೊಡೆಯುತ್ತದೆ. ಶೇಂಗಾ ಬೇರೆ ಬಟ್ಟಲಲ್ಲಿರಲಿ. ಹತ್ತು ಲೀಟರ್ ಶರಬತ್ತಿಗೆ ಒಂದು ಕಿಲೋ ಸಕ್ಕರೆ, 20 ನಿಂಬೆಹಣ್ಣು.

ಶನಿವಾರದ ಕೂಟಕ್ಕೆ ಇಷ್ಟೆಲ್ಲ ಬೇಡ. ಸಂಜೆ ಐದರಿಂದ ಆರೂಕಾಲು, ಒಂದು ಆಟ, ಎರಡು ಹಾಡು, ಕಥೆ, ಹಳೆಯ ವಚನದ ಪುನರಾವರ್ತನೆ. ಭಾನುವಾರ ಇಡಬೇಡಿ, ಅಂದು ಆರಾಧನೆಯ ಜೊತೆಗೆ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು) ಕೂಡ ಇರುತ್ತದೆ, ಟೀಚರು ತಲುಪುವುದೇ ಕಷ್ಟ. ಚಾಳಿನ (ಒಂದೊಂದು ಕೋಣೆಯ ಸಾಲುಮನೆಗಳ ಕಟ್ಟಡ) ಹತ್ತಡಿ ಹನ್ನೆರಡಡಿ ಕೋಣೆಯಲ್ಲಿ ಹನ್ನೆರಡು ಮಕ್ಕಳು ಹಿಡಿಸಿದರೆ ಹೆಚ್ಚು. ಅದಕ್ಕಿಂತ ಹೆಚ್ಚಿಗೆ ಬಂದವರಿಗೆ ಎರಡನೇ ಮನೆ ನೋಡಿ. ಹೌಸಿಂಗ್ ಸೊಸೈಟಿಯಾದರೆ ಸೆಕ್ರೆಟರಿಗೆ ಮೊದಲೇ ಬರೆದುಕೊಡಿ, ಢೋಲಕ್ ಬಾರಿಸಬೇಡಿ, ಚಪ್ಪಾಳೆ ಸಾಕು. ದೂರು ಬರುವುದು ಹಾಡಿಗಿಂತ ಹೆಚ್ಚಾಗಿ ಚಪ್ಪಲಿಯಿಂದ: ಬಾಗಿಲ ಹೊರಗೆ ಹನ್ನೆರಡು ಜೊತೆ ಬಿದ್ದಿದ್ದರೆ ನೀರಿನ ಕೊಡ ಹಿಡಿದು ಬರುವವರು ಎಡವುತ್ತಾರೆ. ಬಾಗಿಲೊಳಗೆ ಒಂದು ಗೋಣಿಚೀಲ ಹಾಸಿ ಅದರ ಮೇಲೆ ಬಿಡಿಸಿ.